ಖಾಲಿ ಬಿಟ್ಟ ತಾರೀಕು

ಪಾಂಡವಪುರದ ಕೋರ್ಟಿನಲ್ಲಿ ನನ್ನ ಹೆಸರನ್ನು
ಮೂರು ಸಲ ಕೂಗಿದರು. ಮೂವತ್ತೊಂದು ವರ್ಷ
ಊರಿನವರ ಹೆಸರನ್ನೆಲ್ಲ ಬರೆದವನು ನಾನು,
ತಂದೆಯ ಹೆಸರು, ವಯಸ್ಸು, ಕಸುಬು, ವಾಸ ಸಹಿತ.
ನನ್ನದನ್ನು ಇನ್ನೊಬ್ಬರು ಕೂಗಿದ್ದು ಇದೇ ಮೊದಲು.

ಕಟಕಟೆಯ ಮರ ನನ್ನ ಮೇಜಿನಷ್ಟೇ ನುಣುಪು,
ಯಾರ್ಯಾರದೋ ಅಂಗೈ ಬೆವರಿ ಬೆವರಿ.

ನಿಪಿ ಒಂದು, ಪ್ರೋನೋಟು. ನಿಪಿ ಎರಡು, ಕ್ರಯದ ಕರಾರು.
ಎರಡನ್ನೂ ಬರೆದದ್ದು ನೀವೇನಾ?
ನಾನೇ ಸ್ವಾಮಿ. ರಿಜಿಸ್ಟ್ರಾರ್ ಆಫೀಸಿನೆದುರು, ಹೊಂಗೆ ಮರದಡಿ,
ಒಂದೇ ಮಧ್ಯಾಹ್ನ, ಒಂದೇ ಪೆನ್ನು,
ಒಂದರ ಇಂಕು ಆರುವ ಮುನ್ನ ಇನ್ನೊಂದು.
ಆದರೂ ನೋಡಿ, ಈ ಅವಳಿಜವಳಿಗೆ
ಹುಟ್ಟಿದ ದಿನ ಹದಿನಾಲ್ಕು ತಿಂಗಳು ಬೇರೆ.

ಕರಾರಿನ ತಾರೀಕು ನನ್ನ ಕೈಯದು:
ನನ್ನ ನಾಲ್ಕಕ್ಕೆ ಬುಡದಲ್ಲಿ ಗಂಟು, ಮೇಲೆ ಎರಡು ಕೊಂಬು.
ಪ್ರೋನೋಟಿನ ನಾಲ್ಕು ಇಂಗ್ಲಿಷಿನದು,
ತಲೆಕೆಳಗಾಗಿಟ್ಟ ಕುರ್ಚಿಯ ಹಾಗೆ,
ನೀಲಿಯೂ ಒಂದು ಚೂರು ಎಳೆಯದು.
ಮೂರು ವರ್ಷ ದಾಟಿದ ಪ್ರೋನೋಟಿನಲ್ಲಿ
ಪಕೋಡ ಕಟ್ಟಿಕೊಡಬಹುದು, ಅಷ್ಟೇ; ಅದು ಅವಳಿಗೂ ಗೊತ್ತಿತ್ತು.

ಜಾಗ ಬಿಟ್ಟವನು ನಾನೇ.
ಸ್ಟ್ಯಾಂಪು ಅಂಟಿಸಿದ್ದಾಗಿತ್ತು, ಬ್ಯಾಂಡು ಮರಿಸ್ವಾಮಿ
ಅದರ ಮೇಲೆ ಅಡ್ಡಡ್ಡ ಸಹಿ ಎಳೆದಿದ್ದ,
ಮೈಸೂರಿನ ಬಸ್ಸು ಹಾರನ್ನು ಹೊಡೆಯುತ್ತಿತ್ತು.
'ತಾರೀಕು ಆಮೇಲೆ ಹಾಕ್ಕೋಬೋದು ಬುಡಿ' ಅಂದಿದ್ದೆ.

ದುಡ್ಡು ಈಸ್ಕೊಂಡೇ ಇಲ್ಲ ಅಂತಾನೆ ಈಗ ಮರಿಸ್ವಾಮಿ,
ಸಹಿ ನಂದು, ಕಾಗದ ಖಾಲಿ ಇತ್ತು ಅಂತ.
ನನ್ನ ಮೇಜಿನ ಮೇಲೇ ಎಣಿಸಿದ್ದ,
ಟ್ರಂಪೆಟ್ಟು ಊದುವ ತುಟಿಗೆ ಬೆರಳು ಒತ್ತಿ ಒದ್ದೆ ಮಾಡಿಕೊಂಡು,
ಎರಡು ಸಲ. ಹರಿದ ನೂರರ ನೋಟೊಂದನ್ನು ವಾಪಸು ಕೊಟ್ಟು
ಬೇರೆ ಕೇಳಿದ್ದ.
ಚಿಕ್ಕತಾಯಮ್ಮ ಬಳೆ ಅಂಗಡಿಯ ಚೀಲ ತಡಕಿ
ಹತ್ತರ ಹತ್ತು ನೋಟು ತೆಗೆದಳು,
ಒಂದಕ್ಕೆ ಗಾಜಿನ ಪುಡಿ ಮೆತ್ತಿತ್ತು.

'ಹನ್ನೆರಡು ಗುಂಟೆ ಸುಮ್ನೆ ಒಂದ್ ಭರವಸೆಗೆ ಕನಣ್ಣ,
ದುಡ್ ಕೊಟ್ಟೇಟ್ಗೆ ನಾನೇ ಹರ್ದಾಕ್ತೀನಿ' ಅಂದವಳು ಅವಳೇ.
ನಾನು ಬರೆದದ್ದು ಮಾತ್ರ ಶುದ್ಧ ಕ್ರಯ:
ಪೂರ್ವಕ್ಕೆ ನಾಲೆ ಏರಿ, ಪಶ್ಚಿಮಕ್ಕೆ ಗಾಡಿ ದಾರಿ,
ಉತ್ತರಕ್ಕೆ ಅವನ ತಮ್ಮನ ಗದ್ದೆ,
ದಕ್ಷಿಣಕ್ಕೆ ಹಲಸಿನ ಮರ, ಕಾಯಿ ಸಮೇತ.
ಈ ಚಕ್ಕುಬಂದಿಯೊಳಗೆ ಭರವಸೆಗೆ ಜಾಗವಿರಲಿಲ್ಲ.
'ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ'
ಎಂದೂ ಬರೆದೆ. ಆ ಸಾಲನ್ನು ಕೈಯೇ ಬರೆದುಕೊಳ್ಳುತ್ತದೆ,
ನಾನು ಮುಖ ನೋಡುವುದಿಲ್ಲ.

ಹೌದು ಅಥವಾ ಇಲ್ಲ, ಅಷ್ಟೇ ಹೇಳಿ, ಎಂದರು ವಕೀಲರು.
ಹೌದು, ದುಡ್ಡು ಕೊಟ್ಟಳು. ಇಲ್ಲ, ಆ ನಾಲ್ಕು ನನ್ನದಲ್ಲ.
ಹೌದು, ಮಾರಿದನೆಂದು ಬರೆದೆ. ಇಲ್ಲ, ಮಾರಲಿಲ್ಲ.
ಕರೆಸಿದ ವಕೀಲರೇ ಎದ್ದು
ಸಾಕ್ಷಿ ತಿರುಗಿಬಿದ್ದಿದ್ದಾನೆ ಎಂದರು;
ಎದುರಿನವರೂ ನಗಲಿಲ್ಲ.
ಚಿಕ್ಕತಾಯಮ್ಮ ಕೈಬಳೆ ಒಂದೊಂದೇ ಹಿಂದಕ್ಕೆ ಸರಿಸುತ್ತಿದ್ದಳು,
ಮರಿಸ್ವಾಮಿ ನಿಂತ ಫ್ಯಾನು ನೋಡುತ್ತಿದ್ದ.
ಮುಂದಿನ ತಿಂಗಳು ಇಪ್ಪತ್ತೆರಡಕ್ಕೆ ಹೋಯಿತು ಕೇಸು.

ಹೇಳಿಕೆಯ ಹಾಳೆ ತಂದಿಟ್ಟ ಗುಮಾಸ್ತ.
ಓದಿದೆ. ಎರಡು ಕಡೆ ಕಾಗುಣಿತ ತಪ್ಪು, ತಿದ್ದಲು ಬಿಡಲಿಲ್ಲ.
ಸಹಿ ಹಾಕಿದೆ. ಪಕ್ಕದಲ್ಲಿ ತಾರೀಕಿನ ಗೆರೆ ಬೋಳು.
ಪೆನ್ನು ಅಲ್ಲಿಗೇ ಒಯ್ದೆ.
'ಅದ್ನ ನಾವ್ ಹಾಕ್ಕೋತೀವಿ ಬುಡಿ' ಅಂದ,
ಹಾಳೆ ಎಳೆದುಕೊಂಡು.