ಕಾಲು ಮುಂದಾಗಿ

ಬೆಟಗೇರಿಯ ಕುಣಿಮಗ್ಗದ ಓಣಿಯಲ್ಲಿ
ನಾನು ಕಾಲು ಮುಂದಾಗಿ ಹುಟ್ಟಿದೆ.
ತಲೆ ಕಾಣುವ ಮೊದಲೇ ಸೂಲಗಿತ್ತಿ ಫಕೀರವ್ವ ಅಂದಿದ್ದಳಂತೆ:
"ಈಕಿ ನಡಾ ಹಿಡದವರಿಗೆ ಆಗ್ತಾಳ."

ನಡೆಯಲು ಬಂದಾಗಿನಿಂದ ಒದ್ದಿದ್ದೇನೆ.
ಅಮಾಸಿ ಮುಂಜಾನೆ, ಮುಖ ತೊಳೆಯುವ ಮೊದಲು,
ಕಟ್ಟೆಯ ಮೇಲೆ ಬೋರಲು ಮಲಗಿದ ಗಂಡಸರು,
ನೂಲಿನ ಗಂಜಿ ನಾರುವ ಬೆನ್ನುಗಳು.
ಎಡಗಾಲಿಂದ ಮೂರು ಸಲ.
"ಚಮಕ ಹೋತ ನೋಡ್ರಿ!" ಎಂದು ಎದ್ದು
ಅವ್ವನ ಕೈಗೆ ತೆಂಗಿನಕಾಯಿ, ನನ್ನ ಕೈಗೆ ಬತ್ತಾಸು.
ನೋವು ಹೋಗಿತ್ತೋ ಇಲ್ಲವೋ,
ನಾನು ನಂಬಿದ್ದು ಬತ್ತಾಸನ್ನು.

ಈಗ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ರ‍್ಯಾಂಪಿನ ಕೆಳಗೆ
ಖಾಲಿ ಸಿಲಿಂಡರು ಇಡುತ್ತಿದ್ದ ಖೋಲಿ ನನ್ನದು.
ಓದಿ ಬಂದೆ: ಮೂವತ್ಮೂರು ಮಣಿ, ಒಂದೊಂದರ ಹೆಸರು,
ಎಲ್ಲಿ ಎಷ್ಟು ಒತ್ತಬೇಕು, ಎಲ್ಲಿ ಕೈ ಎತ್ತಬೇಕು.
ಬಾಗಿಲ ಮೇಲೆ ಕೈರೊಪ್ರಾಕ್ಟಿಕ್ ಎಂದು ಬರೆಯುತ್ತ
ಪೇಂಟರ್ ಮಕ್ತುಮ "ರೊ ಸಣ್ಣದೋ ದೊಡ್ಡದೋ" ಎಂದು ಕೇಳಿದ.
ಹಾದುಹೋಗುತ್ತಿದ್ದ ಮೂರನೇ ಮಹಡಿಯ ಎಲುಬಿನ ಡಾಕ್ಟರು
"ಲಟಿಗಿ ತಗಿಯೂದಕ್ಕ ಇಷ್ಟುದ್ದ ಹೆಸರ?" ಎಂದು ನಕ್ಕರು.
ಸಿಟ್ಟು ಬಂತು. ಪೂರ್ತಿ ಬರಲಿಲ್ಲ.

ಯಾಕೆಂದರೆ ಬರುವವರಿಗೆ ಬೇಕಾದ್ದು ಆ ಸದ್ದೇ.
ಫೋನಿನಲ್ಲಿ ನೋಡಿರುತ್ತಾರೆ, ಕುತ್ತಿಗೆ ತಿರುವಿದೊಡನೆ ಲಟ್.
"ಸಪ್ಪಳಾನ ಬರಲಿಲ್ಲಲ್ರೀ, ರೊಕ್ಕ ಯಾತಕ್ಕ?"
ಹೇಳುತ್ತೇನೆ: ಅದು ಎಲುಬು ಕೂತ ಸಪ್ಪಳ ಅಲ್ಲ,
ಕೀಲಿನ ನೀರಿನೊಳಗೆ ಒಂದು ಗುಳ್ಳೆ,
ಸೋಡಾದ ಗೋಲಿ ಒತ್ತಿದ ಹಾಗೆ.
ನಿಮ್ಮ ಎಲುಬು ಎಲ್ಲೂ ಹೋಗಿರಲಿಲ್ಲ ಕಾಕಾ,
ನಾನು ಕರೆತಂದು ಕೂಡಿಸಲಿಕ್ಕೆ.

ರಾತ್ರಿ ಓದುತ್ತೇನೆ, ಸಾವಿರಾರು ಸೊಂಟಗಳ ಲೆಕ್ಕ.
ಯಾರ ಮೇಲೆ ಕೈಯಿಟ್ಟರು, ಯಾರ ಮೇಲೆ ಇಟ್ಟಂತೆ ನಟಿಸಿದರು,
ಯಾರಿಗೆ ಬರೀ ನಡೆಯಲು ಹೇಳಿದರು.
ಎಲ್ಲ ಕೂಡಿಸಿ ಕಳೆದ ಮೇಲೆ ಉಳಿಯುವುದು ಒಂದೇ ಮಾತು:
ತುಸು.
ತುಸು ನೋವು ಕಡಿಮೆ, ತುಸು ಬೇಗ ಏಳುತ್ತಾರೆ,
ದಿನಾ ಬೆವರುವಷ್ಟು ನಡೆದವರಿಗಿಂತ ಹೆಚ್ಚೇನಿಲ್ಲ.
ಬೋರ್ಡಿನ ಮೇಲೆ ತುಸು ಎಂದು ಬರೆಸಿದರೆ ಯಾರು ಬಂದಾರು?
ಒಂದು ಓಣಿಗೆ ದೇವರಾಗಿದ್ದವಳಿಗೆ
ತುಸು ಆಗುವುದು ಕಷ್ಟ.

ಕಳೆದ ತಿಂಗಳು ತುಳಜಣಸಾ ಬಂದರು,
ಆರು ವರ್ಷದವಳಿದ್ದಾಗ ನಾನು ಒದ್ದ ಬೆನ್ನು.
"ಶಾಕವ್ವಾ, ಮಂಚಾ ಗಿಂಚಾ ಬ್ಯಾಡ, ಹಿಂದಿನಂಗ ಒಂದ ಒದ್ದ ಬಿಡು."
ನಕ್ಕೆ. ಹೆಬ್ಬೆರಳು ಎತ್ತಲು ಹೇಳಿದೆ.
ಎಡಗಾಲಿನದು ಏಳಲಿಲ್ಲ.
ಕೇಳಿದೆ, ಮಗಳ ವಯಸ್ಸಿನವಳು ಕೇಳಬಾರದ್ದನ್ನು:
ಕೂರುವಲ್ಲಿ ಜೋಮು ಹಿಡಿದಿದೆಯೇ, ಮೂತ್ರ ಕಟ್ಟಿದೆಯೇ.
ಅವರು ಗೋಡೆ ನೋಡಿದರು.
"ನಿನ್ನಿ ರಾತ್ರಿಯಿಂದ... ಬಂದದ್ದು ಹ್ವಾದದ್ದು ಗೊತ್ತ ಆಗವಲ್ದವ್ವಾ."

ನನ್ನ ಎರಡೂ ಅಂಗೈ
ಆ ಬೆನ್ನಿನಿಂದ ಒಂದು ಗೇಣು ದೂರ ನಿಂತವು.
ಕಲಿತದ್ದೆಲ್ಲ ಆ ಗೇಣಿನಲ್ಲಿತ್ತು.

ಗಾಲಿಕುರ್ಚಿ ನಾನೇ ತಳ್ಳಿದೆ,
ಲಿಫ್ಟು ಕೆಟ್ಟಿತ್ತು, ರ‍್ಯಾಂಪು ಮೂರು ಸುತ್ತು.
ಎಲುಬಿನ ಡಾಕ್ಟರು ಅರ್ಧ ಚಹಾ ಬಿಟ್ಟು ಎದ್ದರು.
ಸಂಜೆಯೊಳಗೆ ಎಂಆರ್‌ಐ, ರಾತ್ರಿಯೇ ಆಪರೇಷನ್.

ಹದಿನೆಂಟು ದಿನದ ಮೇಲೆ ಮೇಲಿನಿಂದ ಒಂದು ಚೀಟಿ ಇಳಿದು ಬಂತು,
ಕೋಳಿ ಕೆದರಿದ ಅಕ್ಷರ, ಬೇರೆ ಯಾರದೋ ಹೆಸರು:
"ಬರೀ ಸೊಂಟ ನೋವು. ಬೇರೆ ಎಲ್ಲ ನೋಡಿದ್ದೇನೆ, ಏನಿಲ್ಲ.
ನಿಮ್ಮ ಕೈಗೆ."
ಅದನ್ನು ಎರಡು ಸಲ ಓದಿ ಫೈಲಿನಲ್ಲಿಟ್ಟೆ.

ಬೆಟಗೇರಿಯಲ್ಲಿ ಮಾತ್ರ ತುಳಜಣಸಾ
ಕಟ್ಟೆಯ ಮೇಲೆ ವಾಕರ್ ಒರಗಿಸಿ ಹೇಳುತ್ತಿದ್ದಾರಂತೆ:
"ಡಾಕ್ಟರೂ ಇಲ್ಲ ಗೀಕ್ಟರೂ ಇಲ್ಲ, ಎಲ್ಲಾ ಶಾಕವ್ವನ ಕಾಲ್ಗುಣ."
ಫೋನಿನಲ್ಲಿ ಅವ್ವ ಹಿಗ್ಗಿ ಹೇಳಿದಳು.
ತಿದ್ದಬೇಕು ಅಂದುಕೊಂಡೆ, ತಿದ್ದಲಿಲ್ಲ.
ರ‍್ಯಾಂಪು ಹತ್ತಿದ್ದು ಕಾಲೇ ತಾನೆ,
ತುಸು.