ಹನ್ನೆರಡು ಗಂಟೆಯ ದರ

ಕೋಡಿಬಾಗದ ಬಾಡಿಗೆ ಮನೆ, ಮೇಲ್ಮಹಡಿ.
ಕಿಟಕಿ ತೆರೆದರೆ ಕಾಳಿ, ಕಾಳಿಯ ಮೇಲೆ ಒಂದೇ ಸೇತುವೆ.
ಹಳೆಯದು ಮುರಿದು ಬಿದ್ದ ಮೇಲೆ
ಗೋವೆಗೆ ಹೋಗುವವರೂ ಗೋವೆಯಿಂದ ಬರುವವರೂ
ಅದೊಂದರ ಮೇಲೆಯೇ, ಎದುರುಬದುರು.
ನನ್ನದು ಹಾಗಲ್ಲ, ಇಲ್ಲಿಂದ ಹೋಗುವುದಷ್ಟೇ:
ಬೆಳಗ್ಗೆ ಆರು ಅರ್ಜಿ, ಊಟವಾದ ಮೇಲೆ ನಾಲ್ಕು.

ತಪ್ಪು ಹುಡುಕುವುದು ನನ್ನ ಕಸುಬು.
ಹದಿನಾರು ವರ್ಷ, ಆರಾರು ತಿಂಗಳ ಕರಾರುಗಳನ್ನು
ಒಂದಕ್ಕೊಂದು ಹೊಲಿದುಕೊಂಡು,
ಬೇರೆಯವರು ಬರೆದ ಪ್ರೋಗ್ರಾಮು
ಎಲ್ಲಿ ಬೆರಳಿಟ್ಟರೆ ಕುಸಿಯುತ್ತದೆಂದು ನೋಡಿದವಳು.
ಹೆಸರಿನ ಜಾಗಕ್ಕೆ ಅಂಕಿ ತುಂಬುವುದು,
ಹುಟ್ಟಿದ ದಿನ ಫೆಬ್ರವರಿ ಮೂವತ್ತು ಎನ್ನುವುದು,
ಸೊನ್ನೆಯಿಂದ ಭಾಗಿಸಿ ಸುಮ್ಮನೆ ಕಾಯುವುದು.
ಈಗ ನಿದ್ದೆ ಬಾರದ ರಾತ್ರಿ ನನ್ನ ಮೇಲೆಯೇ ನಡೆಸುತ್ತೇನೆ.
ವಯಸ್ಸಿನ ಜಾಗದಲ್ಲಿ ನಲವತ್ತಮೂರು,
ತಾಳಿಕೊಂಡೀತೆ?
ಊರಿನ ಜಾಗದಲ್ಲಿ ಕಾರವಾರ.
‘ಅದು ಎಲ್ಲಿ ಬರುತ್ತೆ ಮ್ಯಾಡಮ್?’

ಕೇಳಿದವನು ಏಜೆನ್ಸಿಯ ಹುಡುಗ, ಧೀರಜ. ಪಾಪ, ಸಭ್ಯ.
‘ಮಾರ್ಕೆಟ್ ಸ್ಲೋ ಇದೆ, ರೇಟ್ ಸ್ವಲ್ಪ ನೋಡಿ’ ಎಂದ.
ನೋಡಿದೆ.
ಸಂಕ್ರಾಂತಿಗೆ ದಿನಕ್ಕೆ ಆರು ಸಾವಿರ ಇದ್ದದ್ದು
ಹೋಳಿಗೆ ಐದು, ಯುಗಾದಿಗೆ ನಾಲ್ಕೂವರೆ.
ಮೂರಕ್ಕೂ ಒಪ್ಪಿಯೇನು ಎಂದು ಹೇಳಲು ಹೋದರೆ
ಫೋನು ಎತ್ತುವುದಿಲ್ಲ.
ಅವನನ್ನೂ ತೆಗೆದರಂತೆ.

ಮೀನು ಮಾರ್ಕೆಟ್ಟಿನಲ್ಲಿ ಶೆವಂತಾಬಾಯಿ
ಏಳು ಗಂಟೆಗೆ ಇಸ್ವಣ ಮುಟ್ಟಿದರೆ ಕೈಗೆ ಹೊಡೆಯುತ್ತಾಳೆ.
ಹತ್ತಕ್ಕೆ ತಾನೇ ಕಿವಿರು ಎತ್ತಿ, ‘ನೋಡು, ಇನ್ನೂ ಕೆಂಪು.’
ಹನ್ನೆರಡಕ್ಕೆ, ‘ಎಷ್ಟು ಕೊಡ್ತಿ, ನೀನೇ ಹೇಳು ಬಾಯ್.’
ನಾನೀಗ ಹನ್ನೆರಡರ ಗಿರಾಕಿ. ಮೊದಲು ಏಳರವಳಾಗಿದ್ದೆ.
ಅವಳಿಗೆ ಗೊತ್ತಿದೆ. ಯಾಕೆಂದು ಕೇಳಿಲ್ಲ.

ಇವತ್ತು ಅವಳ ಪೆಟ್ಟಿಗೆ ಮೂಕವಾಗಿತ್ತು,
ದುಡ್ಡು ಬಿದ್ದೊಡನೆ ಇಷ್ಟು ರೂಪಾಯಿ ಬಂತೆಂದು
ಊರಿಗೇ ಕೂಗಿ ಹೇಳುವ ಆ ನೀಲಿ ಪೆಟ್ಟಿಗೆ.
‘ಹಾಕಿದೆ’ ಅಂತಾನೆ ಗಿರಾಕಿ, ‘ಬಂದಿಲ್ಲ’ ಅಂತಾಳೆ ಇವಳು,
ನಡುವೆ ಬಂಗಡೆಗಳು ಬಾಯಿ ಬಿಟ್ಟುಕೊಂಡು ಬಿದ್ದಿವೆ.
ಅವಳ ಮಣೆಯ ಮೇಲೆ ಕೂತೆ.
ಮೊದಲು ಚಾರ್ಜು. ಆಮೇಲೆ ಸಿಮ್ಮು.
ಆಮೇಲೆ ನನ್ನ ಫೋನಿಂದ ಒಂದು ರೂಪಾಯಿ.
ಇಲ್ಲ.
ಇನ್ನೊಂದು ರೂಪಾಯಿ, ಈ ಸಲ ಉಸಿರು ಹಿಡಿದು.
ಎಲ್ಲೋ ದೂರದಲ್ಲಿ, ಸಾಲಿನ ಆ ತುದಿಯಲ್ಲಿ,
‘ಒಂದು ರೂಪಾಯಿ’ ಎಂದಿತು ಹೆಣ್ಣು ದನಿ.

ಒಣ ಶೆಟ್ಲಿ ಮಾರುವ ಮಾಣಕಿ. ಎರಡೂ ಕಿವಿ ಕೇಳಿಸದು.
ನಿನ್ನೆ ಸಂಜೆ ಕಟ್ಟೆ ತೊಳೆಯುವಾಗ
ಇಬ್ಬರ ಸ್ಕ್ಯಾನ್ ಹಲಗೆ ಅದಲುಬದಲಾಗಿದೆ.
ಬೆಳಗಿನಿಂದ ಅವಳಿಗಿನ್ನೂ ಬೋಣಿಯೇ ಇಲ್ಲ;
ಬೆನ್ನ ಹಿಂದಿನ ಪೆಟ್ಟಿಗೆ ಮಾತ್ರ
ನೂರೈವತ್ತು, ಇನ್ನೂರ ಎಂಬತ್ತು, ಮುನ್ನೂರು ಎಂದು
ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದೆ.
ಎಲ್ಲರೂ ನಕ್ಕರು. ಏನೆಂದು ತಿಳಿಯದೆ ಮಾಣಕಿಯೂ ನಕ್ಕಳು.
ನನಗೆ ಮಾತ್ರ ಒಂದು ಕ್ಷಣ
ಇಷ್ಟು ದಿನದ ನನ್ನ ಅರ್ಜಿಗಳ ಉತ್ತರವೆಲ್ಲ
ಯಾವ ಕಿವುಡಿಯ ಬೆನ್ನ ಹಿಂದೆ ಕೂಗುತ್ತಿದೆಯೋ ಅನ್ನಿಸಿತು.
ಹಲಗೆ ಬದಲಿಸಿದೆ.
ಲೆಕ್ಕ ಕೂಡಿ, ಮಾಣಕಿಯ ಕೈಯಿಂದ ಇವಳ ಕೈಗೆ ದಾಟಿಸಿದೆ.
ನನ್ನ ಎರಡು ರೂಪಾಯಿಯೂ ಅದರಲ್ಲೇ ಹೋಯಿತು.

‘ನಿನ್ನ ಕೂಲಿ ಎಷ್ಟು?’
ಯುಗಾದಿಯ ನಂತರ ಯಾರೂ ಕೇಳಿರದ ಪ್ರಶ್ನೆ.
‘ಬಂಗಡೆಯಲ್ಲಿ ಕೊಡು. ಆದರೆ ಲೆಕ್ಕ ಏಳು ಗಂಟೆಯ ದರದಲ್ಲಿ.’
‘ಏಳರ ದರದಲ್ಲಿ ಹಾಕಿದರೆ ನಿನಗೇ ಕಮ್ಮಿ ಬರುತ್ತೆ, ಹುಚ್ಚಿ.’
‘ಬರಲಿ.’
ನಾಲ್ಕು ಎಣಿಸಿದಳು. ನನ್ನ ಮುಖ ನೋಡಿ
ಬಾಲ ತುಂಡಾದ ಐದನೆಯದನ್ನೂ ಎಸೆದಳು.

ಮನೆಗೆ ಬಂದು ಕೈಯನ್ನೂ ತೊಳೆಯದೆ ಕೂತೆ.
ಇವತ್ತಿನ ಏಳನೆಯ ಅರ್ಜಿ.
ದರದ ಜಾಗದಲ್ಲಿ ಆರು ಸಾವಿರ ಎಂದೇ ಹೊಡೆದೆ.
ಒತ್ತಿದ ಕೀಲಿಯ ಮೇಲೆ ಮೀನಿನ ಹುರುಪೆಯೊಂದು
ಅಂಟಿಕೊಂಡು ಉಳಿಯಿತು.
ಬೆಕ್ಕು ಬಾಗಿಲಿಗೆ ಬಂದಿದೆ.