ಬೀಗದ ಕಣ್ಣಿನ ತೋಟ

ಮೊದಲು ಕಲ್ಲು ನೋಡು, ಕೆಫುವೆ. ಬೀಜ ಆಮೇಲೆ.
ಬೀಜ ಎಲ್ಲರೂ ತರುತ್ತಾರೆ, ಜೇಬಲ್ಲಿ, ಬಾಯಲ್ಲಿ.
ಈ ಮೊಖೋಟ್ಲಾಂಗಿನ ಗುಡ್ಡದಲ್ಲಿ
ದೇವರು ಲೆಕ್ಕವಿಡದೆ ಕೊಟ್ಟದ್ದು ಕಲ್ಲೊಂದೇ;
ಅದನ್ನೂ ಆರಿಸಿಕೊಳ್ಳಬೇಕು.
ಚಪ್ಪಟೆ ಹೊಟ್ಟೆಯದು ಕೆಳಗೆ,
ತರಲೆ ಮಾಡುವ ದುಂಡನೆಯದು ಸಂದಿಗೆ.

ಗೂಟ ನೆಡು. ಹಗ್ಗ ಕಟ್ಟು. ಒಂದೂವರೆ ಹೆಜ್ಜೆ.
ನನ್ನ ಹೆಜ್ಜೆಯಲ್ಲ, ನಿನ್ನದು.
ನಾಳೆ ಕೈಚಾಚಿ ಕಳೆ ಕೀಳುವವಳು ನೀನು.
ಸುತ್ತು ಬರೆ. ರೊಟ್ಟಿಯಿಂದ ತುಂಡೊಂದು ಮುರಿದ ಹಾಗೆ
ಬಾಗಿಲ ಕಡೆಗೆ ಒಂದು ಸೀಳು ಬಿಡು,
ಬಕೆಟ್ ಹಿಡಿದು ಒಬ್ಬಳು ನಿಲ್ಲುವಷ್ಟು.
ಮೇಲಿನ ದಾರಿಯಲ್ಲಿ ಕುದುರೆ ಹತ್ತಿ ಹೋಗುವವರಿಗೆ
ಇದು ಬೀಗದ ಕಣ್ಣಿನಂತೆ ಕಾಣುತ್ತದಂತೆ.
ಇರಲಿ. ನಾನು ಮೇಲಿಂದ ನೋಡಿಲ್ಲ.

ತಳಕ್ಕೆ ತುಕ್ಕು ಹಿಡಿದ ಡಬ್ಬಿಗಳು.
ನನ್ನ ಹತ್ತಿರ ಮೂವತ್ತೊಂದಿದ್ದವು, ಎಲ್ಲ ಮೀನಿನವು,
ಗಣಿಯ ಸಂಬಳದಲ್ಲಿ ಬಂದು, ತಿಂಗಳ ಕೊನೆಗೆ
ಬಾಯಿ ತೆರೆದುಕೊಂಡು ಬಿದ್ದಿದ್ದವು.
ಹದಿನೇಳು ವರ್ಷ ಮೊಜಲೆಫಾ
ಗಡಿಯಾಚೆ, ನೆಲದಡಿಯಿಂದ ಚಿನ್ನ ತೆಗೆದ;
ಮನೆಗೆ ತಂದದ್ದು
ಒಂದು ರೇಡಿಯೊ, ಎರಡು ಕಂಬಳಿ, ಆ ಕೆಮ್ಮು.
ಡಬ್ಬಿಗಳನ್ನು ತುಳಿದು ಚಪ್ಪಟೆ ಮಾಡಿದ್ದು ಅವನೇ,
ಒಂದೊಂದಕ್ಕೂ ನಿಂತು ಉಸಿರು ಹುಡುಕುತ್ತ.
ಈಗ ಸೊಪ್ಪು ಕಡುಹಸಿರಾಗಿದೆ.
ಕಬ್ಬಿಣ, ಅಂದಳು ಕ್ಲಿನಿಕ್ಕಿನ ನರ್ಸು.
ಕೂಲಿ ಬಾಕಿ ಇತ್ತು, ಅಂದೆ ನಾನು.

ಡಬ್ಬಿಯ ಮೇಲೆ ಮೂಳೆ. ಮೂಳೆಯ ಮೇಲೆ ಬೂದಿ,
ಸಗಣಿ, ಮಾಡು ಬದಲಿಸಿದಾಗ ಇಳಿದ ಹಳೆಯ ಹುಲ್ಲು,
ಮತ್ತೆ ಮಣ್ಣು. ಮತ್ತೆ ಬೂದಿ. ಅವಸರ ಬೇಡ.
ನಡುವೆ ಕಡ್ಡಿ ಹೆಣೆದ ಬುಟ್ಟಿ ನಿಲ್ಲಿಸು, ತಳವಿಲ್ಲದ್ದು.
ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು,
ಆಲೂಗಡ್ಡೆ ಸಿಪ್ಪೆ, ಮೊಟ್ಟೆಯ ಚಿಪ್ಪು ಅದರ ಬಾಯಿಗೆ.
ಮೂಗು ಮುರಿಯುತ್ತೀಯಾ?
ಝರಿಗೆ ಇಳಿದು, ನೀರು ಹೊತ್ತು ಹತ್ತುವಾಗ
ಒಮ್ಮೆ ಹೆಜ್ಜೆ ಎಣಿಸು. ನಾನು ಎಣಿಸಿದ್ದೇನೆ, ಹೇಳುವುದಿಲ್ಲ.
ಆಮೇಲೆ ಯಾವ ನೀರೂ ನಿನಗೆ ಕೊಳಕು ಅನ್ನಿಸುವುದಿಲ್ಲ.

ಗೋಡೆ ಸೊಂಟದೆತ್ತರ ಇರಲಿ.
ನಗಬೇಡ, ನಿನಗೀಗ ಬಗ್ಗುವುದು ಆಟ.
ಕೊನೆಯ ವರ್ಷ ಮೊಜಲೆಫಾ ಸ್ಟೂಲು ಹಾಕಿಕೊಂಡು
ಕಲ್ಲಿಗೆ ಎದೆಯಾನಿಸಿ ಈರುಳ್ಳಿಯ ಬುಡ ಬಿಡಿಸುತ್ತಿದ್ದ.
ಹಗಲ ಬಿಸಿಲು ಕುಡಿದ ಕಲ್ಲು ಇರುಳೆಲ್ಲ ಬೆಚ್ಚಗೆ;
ಹಿಮ ಬಿದ್ದ ಬೆಳಗ್ಗೆ ಹಳೆಯ ಕಂಬಳಿ ಎತ್ತಿದರೆ
ಕೆಳಗೆ ಬೀಟ್‌ರೂಟಿನ ಎಲೆ, ಸೆಟೆದು, ಬದುಕಿ.
ಅವನೂ ಆ ಚಳಿಗಾಲ ದಾಟಿದ. ಮುಂದಿನದನ್ನಲ್ಲ.

ಎಲ್ಲ ಇಲ್ಲೇ ಬೆಳೆಯುತ್ತದೆ ಎಂದು
ನಿನ್ನತ್ತೆ ಕೊಚ್ಚಿಕೊಂಡರೆ ನಂಬಬೇಡ.
ಉಪ್ಪು ಬೆಳೆಯುವುದಿಲ್ಲ. ಬೆಂಕಿಪೊಟ್ಟಣ, ಸಕ್ಕರೆ,
ರೇಡಿಯೊದ ಬ್ಯಾಟರಿ ಬೆಳೆಯುವುದಿಲ್ಲ.
ತಾನಾಗಿ ಬರುವುದು ಆಲಿಕಲ್ಲು ಮಾತ್ರ.
ಒಂದು ವರ್ಷ ಕಾಲು ಗಂಟೆಯಲ್ಲಿ ಎಲ್ಲ ಜಜ್ಜಿ ಹೋಯಿತು.
ಜಜ್ಜಿದ್ದನ್ನೇ ಬೇಯಿಸಿದೆವು, ಮೆಕ್ಕೆಜೋಳದ ಮುದ್ದೆಗೆ.
ಮೂರು ದಿನ ಇಡೀ ಊರಿಗೆ ಒಂದೇ ಪಲ್ಯ.

ಅತ್ತೆ ಇಲ್ಲದಾಗ ನಿನ್ನ ತವರಿನ ಹೆಸರಲ್ಲೇ ಕರೆಯುತ್ತೇನೆ, ಆಯಿತಾ.
ನಿನಗೂ ಇಟ್ಟಿದ್ದಾರಲ್ಲ ಮೊನ್ನೆ,
ಇನ್ನೂ ಹುಟ್ಟದ ಮಗುವಿನ ತಾಯಿಯೆಂಬ ಹೆಸರು.
ನನಗೂ ಇಟ್ಟಿದ್ದರು: ಮಾಪುಲೆಂಗ್,
ಮಳೆಯಲ್ಲಿ ಹುಟ್ಟುವವಳ ತಾಯಿ.
ಮಳೆ ಬಂತು, ಎಷ್ಟೋ ಸಲ.
ಅವಳು ಬರಲಿಲ್ಲ.
ಹೆಸರು ಉಳಿಯಿತು; ಕರೆದರೆ ಓ ಅನ್ನುತ್ತೇನೆ.

ಬೀಜ ಈ ಚಿಂದಿಯಲ್ಲಿದೆ, ಮೂರು ಗಂಟು.
ಸಣ್ಣ ಗಂಟಿನದು ಪಾಲಕ್, ಇಲಿ ತಿಂದು ಉಳಿದದ್ದು.
ಬೆಳೆದರೆ ಎರಡು ಗಿಡ ಹೂವಿಗೆ ಬಿಡು, ಕೊಯ್ಯಬೇಡ,
ಮುಂದೆ ಯಾರಾದರೂ ಕೇಳಿಕೊಂಡು ಬರುತ್ತಾರೆ.
ಇಲ್ಲ, ಆ ಕಲ್ಲು ಬೇಡ.
ಅದು ಉರುಳುತ್ತದೆ.
ಪಕ್ಕದ್ದು.